ಡೀಸೆಲ್ ಎಷ್ಟು, ಯುನಿಟ್ ಎಷ್ಟು, ಹೊಗೆ ಎಷ್ಟು? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತೋಟದ ಪಂಪು, ಕಣ, ಹೋಂಸ್ಟೇ ಮತ್ತು ಮನೆಯ ಕರೆಂಟಿನ ಬಗ್ಗೆ. ಎಲ್ಲ ಉತ್ತರಗಳಿಗೂ ಒಂದೇ ಅಳತೆ ಬಳಸಿದ್ದೇವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ಮುಂದೆ ಹೊಗೆಯ ಲೆಕ್ಕ ಎಂದರೆ ಈ ಅನಿಲದ್ದೇ. ಒಂದು ಲೀಟರ್ ಪೆಟ್ರೋಲ್‌ಗೆ 2.3 ಕೆ.ಜಿ., ಒಂದು ಕೆ.ಜಿ. ಅಡುಗೆ ಅನಿಲಕ್ಕೆ 3 ಕೆ.ಜಿ. ಕರೆಂಟಿಗೆ ಯುನಿಟ್ ಒಂದಕ್ಕೆ 0.7 ಕೆ.ಜಿ. ಹಿಡಿದಿದ್ದೇವೆ, ಇದು ಇಡೀ ದೇಶದ ಸರಾಸರಿ. ಕರ್ನಾಟಕದಲ್ಲಿ ನೀರು, ಗಾಳಿ, ಬಿಸಿಲಿನ ಕರೆಂಟು ಹೆಚ್ಚಿರುವಾಗ ದೇಶದ ಸರಾಸರಿ ಯಾಕೆ ಎಂದು ಕೇಳಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಸೇರಿತು. ಅಂದಿನಿಂದ ನಾವು ಉಳಿಸಿದ ಯುನಿಟ್ ಎಲ್ಲೋ ಒಂದು ಕಡೆ ಕಲ್ಲಿದ್ದಲನ್ನೂ ಉಳಿಸುತ್ತದೆ.

ಪ್ರಶ್ನೆ: ದೇಶ ಬೆಳೆಯಬೇಕಾದರೆ ಹೊಗೆಯೂ ಹೆಚ್ಚಲೇಬೇಕೇ? ಶ್ರೀಮಂತ ದೇಶಗಳು ಸುಟ್ಟು ಮುಗಿಸಿದ ಮೇಲೆ ನಮಗೆ ಮಾತ್ರ ಬುದ್ಧಿ ಹೇಳುವುದು ನ್ಯಾಯವೇ?
– ಅರ್ಥಶಾಸ್ತ್ರ ವಿದ್ಯಾರ್ಥಿನಿ, ವಿರಾಜಪೇಟೆ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ನ್ಯಾಯವಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಪ್ರಪಂಚದ ಸರಾಸರಿ ನಾಲ್ಕೂವರೆ ಟನ್ನಿಗೂ ಮೇಲೆ, ಅಮೆರಿಕದ್ದು 14 ಟನ್ನಿನ ಆಸುಪಾಸು. ನಮ್ಮಲ್ಲಿ ತಲೆಗೆ ವರ್ಷಕ್ಕೆ ಬೀಳುವ ಕರೆಂಟು ಸುಮಾರು 1,400 ಯುನಿಟ್, ಅದರಲ್ಲಿ ಕಾರ್ಖಾನೆ, ರೈಲು, ಪಂಪು ಎಲ್ಲ ಸೇರಿದೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಸೌದೆ ಒಲೆಯ ಮುಂದೆ ಕೂತವರು ಕಡಿಮೆ ಶಕ್ತಿ ಬಳಸಬೇಕೆಂದು ಯಾರೂ ಹೇಳಬಾರದು. ಅವರಿಗೆ ಇನ್ನೂ ಹೆಚ್ಚು ಶಕ್ತಿ ಬೇಕು.

ಮೊದಲನೆಯ ಪ್ರಶ್ನೆಗೆ ಜಪಾನಿನ ಶಕ್ತಿ ತಜ್ಞ ಯೋಇಚಿ ಕಾಯಾ ಕೊಟ್ಟ ಸಮೀಕರಣ ಹಿಡಿದುಕೊಳ್ಳಿ. ಒಟ್ಟು ಹೊರಸೂಸುವಿಕೆ ಎಂದರೆ ನಾಲ್ಕು ಸಂಖ್ಯೆಗಳ ಗುಣಲಬ್ಧ: ಜನಸಂಖ್ಯೆ, ತಲಾ ವರಮಾನ, ಒಂದು ರೂಪಾಯಿ ವರಮಾನಕ್ಕೆ ತಗಲುವ ಶಕ್ತಿ, ಒಂದು ಪಾಲು ಶಕ್ತಿಗೆ ಬರುವ ಇಂಗಾಲ. ಮೊದಲ ಎರಡು ಏರುತ್ತವೆ, ಏರಲಿ. ಕೊನೆಯ ಎರಡನ್ನು ಎಷ್ಟು ಬೇಗ ಇಳಿಸಬಲ್ಲೆವು ಎಂಬುದೇ ಇಡೀ ವಿಷಯ.

ಭಾರತ ಸರ್ಕಾರ ವಿಶ್ವಸಂಸ್ಥೆಗೆ ಕೊಟ್ಟ ವರದಿಯ ಪ್ರಕಾರ 2005ರಿಂದ 2020ರ ನಡುವೆ ಜಿಡಿಪಿಯ ಪ್ರತಿ ರೂಪಾಯಿಗೆ ಬೀಳುವ ಹಸಿರುಮನೆ ಅನಿಲ ಶೇ. 36ರಷ್ಟು ಇಳಿದಿದೆ. 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ. 2.9ರಷ್ಟು ಇಳಿತ. ಒಳ್ಳೆಯ ಸಾಧನೆಯೇ. ಆದರೆ ಆರ್ಥಿಕತೆ ವರ್ಷಕ್ಕೆ ಶೇ. 6.5ರಂತೆ ಬೆಳೆದರೆ, 1.065ನ್ನು 0.971ರಿಂದ ಗುಣಿಸಿ ನೋಡಿ, 1.034 ಬರುತ್ತದೆ. ಅಂದರೆ ಒಟ್ಟು ಹೊಗೆ ವರ್ಷಕ್ಕೆ ಶೇ. 3.4 ಏರಿ, ಇಪ್ಪತ್ತು ವರ್ಷದಲ್ಲಿ ಎರಡರಷ್ಟಾಗುತ್ತದೆ. ಅದೇ ಬೆಳವಣಿಗೆಯಲ್ಲಿ ಹೊಗೆ ಏರದೆ ನಿಲ್ಲಬೇಕಾದರೆ ರೂಪಾಯಿಗೆ ಬೀಳುವ ಪಾಲು ವರ್ಷಕ್ಕೆ ಶೇ. 6.1 ಇಳಿಯಬೇಕು, ಈಗಿನ ವೇಗದ ಎರಡರಷ್ಟು. 2030ರೊಳಗೆ ಅದನ್ನು 2005ರ ಮಟ್ಟದಿಂದ ಶೇ. 45 ಇಳಿಸುತ್ತೇವೆ ಎಂಬ ನಮ್ಮ ವಾಗ್ದಾನಕ್ಕೆ ವರ್ಷಕ್ಕೆ ಶೇ. 2.4 ಸಾಕು. 2070ಕ್ಕೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹೇಳಿದ ಮಾತಿಗೆ ಅದು ಸಾಲದು.

ಬೆಳವಣಿಗೆಯನ್ನು ಹೊಗೆಯಿಂದ ಬಿಡಿಸಲು ಸಾಧ್ಯವೇ ಎಂದರೆ, ಬ್ರಿಟನ್ ಬಿಡಿಸಿದೆ. 1990ರಿಂದ ಅದರ ಆರ್ಥಿಕತೆ ಬೆಳೆದಿದ್ದರೂ ಹೊರಸೂಸುವಿಕೆ ಅರ್ಧಕ್ಕೆ ಇಳಿದಿದೆ; 2024ರ ಸೆಪ್ಟೆಂಬರ್ 30ರಂದು ಅದರ ಕೊನೆಯ ಕಲ್ಲಿದ್ದಲು ಸ್ಥಾವರ ನಿಂತಿತು. ಪರೀಕ್ಷೆಯಲ್ಲಿ ಇದನ್ನು ಬರೆಯುವಾಗ ಇನ್ನೊಂದು ಸಾಲು ಸೇರಿಸಿ: ಕಾರ್ಖಾನೆಗಳನ್ನು ಬೇರೆ ದೇಶಕ್ಕೆ ಕಳಿಸಿ ಸಾಮಾನು ಆಮದು ಮಾಡಿಕೊಂಡರೆ ಹೊಗೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಬ್ರಿಟನ್ನಿನ ಇಳಿತದಲ್ಲಿ ಇದರ ಪಾಲೂ ಇದೆ, ಆದರೆ ಇಳಿತ ಪೂರ್ತಿ ಅದರಿಂದ ಬಂದದ್ದಲ್ಲ. 'ಮೊದಲು ಶ್ರೀಮಂತರಾಗೋಣ, ಹೊಗೆ ತಾನಾಗಿ ಇಳಿಯುತ್ತದೆ' ಎಂಬ, ಅರ್ಥಶಾಸ್ತ್ರಜ್ಞ ಕುಜ್ನೆಟ್ಸ್ ಹೆಸರಿನ ರೇಖೆಯ ವಾದ ಊರಿನ ಕೊಳಕು ನೀರು, ಗಂಧಕದ ಹೊಗೆಯಂಥವಕ್ಕೆ ಸ್ವಲ್ಪ ಹೊಂದುತ್ತದೆ. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಕೆಮ್ಮು ತರುವುದಿಲ್ಲ, ಬಿಟ್ಟವರ ಊರಿನಲ್ಲೇ ಉಳಿಯುವುದೂ ಇಲ್ಲ. ಅದು ತಾನಾಗಿ ಇಳಿಯುವುದನ್ನು ನಂಬಿ ಕೂರುವಂತಿಲ್ಲ.

ನಮಗಿರುವ ಅನುಕೂಲವೆಂದರೆ ನಾವು ಕಟ್ಟಬೇಕಾದ ಮನೆ, ಕಾರ್ಖಾನೆ, ಲೈನುಗಳಲ್ಲಿ ಬಹುಪಾಲು ಇನ್ನೂ ಕಟ್ಟಿಯೇ ಇಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ರಾಜ್ಯವಿದು. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಬಂದದ್ದು 1985ರಲ್ಲಿ. ಈಗ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಕರ್ನಾಟಕ ಬೆಳೆಯಲು ಶುರುಮಾಡಿದ್ದು ಕಲ್ಲಿದ್ದಲಿನಿಂದಲ್ಲ.

ಪ್ರಶ್ನೆ: 10 ಎಕರೆ ರೊಬಸ್ಟಾ ಕಾಫಿ. ಹೂ ಅರಳಿಸುವ ಮಳೆ ಕೈಕೊಟ್ಟಾಗ ಡೀಸೆಲ್ ಇಂಜಿನ್ನಿನಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇನೆ. ಕರೆಂಟ್ ಮೋಟಾರಿಗೆ ಬದಲಾಯಿಸಲೇ, ಅಥವಾ ನೇರವಾಗಿ ಸೋಲಾರ್ ಪಂಪಿಗೆ ಹೋಗಲೇ?
– ಬೆಳೆಗಾರರು, ಸಿದ್ದಾಪುರ

ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು 1,03,000 ಲೀಟರ್. ಕೆರೆಯಿಂದ ತೋಟದ ನೆತ್ತಿಗೆ ಏರು, ಪೈಪಿನ ಉಜ್ಜಾಟ, ಜೆಟ್‌ಗೆ ಬೇಕಾದ ಮೂರೂವರೆ ಕೆ.ಜಿ. ಒತ್ತಡ ಎಲ್ಲ ಸೇರಿ 70 ಮೀಟರ್ ಹೆಡ್, ಅಂದರೆ ನೀರನ್ನು ಒಟ್ಟು 70 ಮೀಟರ್ ಎತ್ತಿದಷ್ಟು ಕೆಲಸ ಎಂದಿಟ್ಟುಕೊಳ್ಳೋಣ. ಪಂಪಿನ ದಕ್ಷತೆ ಶೇ. 60, ಮೋಟಾರಿನದು ಶೇ. 88 ಇದ್ದರೆ ಆ ಒಂದು ಎಕರೆ-ಇಂಚಿಗೆ 37 ಯುನಿಟ್ ಬೇಕು. 10 ಎಚ್‌ಪಿ ಮೋಟಾರ್ ಇದಕ್ಕೆ ಸುಮಾರು ನಾಲ್ಕೂವರೆ ಗಂಟೆ ಓಡುತ್ತದೆ. ಅದೇ ಕೆಲಸಕ್ಕೆ ಸುಸ್ಥಿತಿಯ ಡೀಸೆಲ್ ಇಂಜಿನ್ 9 ಲೀಟರ್ ಕುಡಿಯುತ್ತದೆ.

ಹೊಗೆಯ ಲೆಕ್ಕದಲ್ಲಿ ಡೀಸೆಲ್ಲಿಗೆ 24 ಕೆ.ಜಿ., ಕರೆಂಟಿಗೆ 26 ಕೆ.ಜಿ. ಹೌದು, ಇವತ್ತಿನ ಮಟ್ಟಿಗೆ ಎರಡೂ ಒಂದೇ! ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದು ಇದಕ್ಕೆ ಕಾರಣ. ಹಣದ ಲೆಕ್ಕ ಬೇರೆ. ಡೀಸೆಲ್ ಲೀಟರಿಗೆ 90 ರೂಪಾಯಿಯಂತೆ 810, ಕರೆಂಟ್ ಯುನಿಟ್‌ಗೆ 7 ರೂಪಾಯಿ ಹಿಡಿದರೂ 260. ಜಾಲಕ್ಕೆ ಗಾಳಿ, ಬಿಸಿಲು ಸೇರಿದಂತೆ ಮೋಟಾರಿನ ಹೊಗೆ ವರ್ಷವರ್ಷಕ್ಕೆ ಇಳಿಯುತ್ತದೆ. ಇಂಜಿನ್ ಮಾತ್ರ ಹಳತಾದಂತೆ ಇನ್ನೂ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಲೈನ್ ತಲುಪುವ ಜಾಗವಾದರೆ ಮೋಟಾರಿಗೆ ಬದಲಾಯಿಸಿ.

ಬದಲಾಯಿಸುವ ಮೊದಲು ಪೈಪು ನೋಡಿ. ಸೆಕೆಂಡಿಗೆ ಆರೂವರೆ ಲೀಟರ್ ನೀರು 300 ಮೀಟರ್ ಉದ್ದದ ಎರಡೂವರೆ ಇಂಚಿನ ಪೈಪಿನಲ್ಲಿ ಹೋದರೆ ಉಜ್ಜಾಟಕ್ಕೇ 19 ಮೀಟರ್ ಹೆಡ್ ಹೋಗುತ್ತದೆ. ಮೂರು ಇಂಚಿನದಾದರೆ ಎಂಟೂವರೆ ಮೀಟರ್. ಅರ್ಧ ಇಂಚಿನ ವ್ಯತ್ಯಾಸಕ್ಕೆ ಶೇ. 15ರಷ್ಟು ಯುನಿಟ್, ಅಥವಾ ಶೇ. 15ರಷ್ಟು ಡೀಸೆಲ್ ಉಳಿಯಿತು. ಮೋಟಾರ್ ಬದಲಾಯಿಸದೆ ಇಷ್ಟು ಉಳಿಸುವ ದಾರಿ ಬೇರೊಂದಿಲ್ಲ. ಎರಡನೆಯದು ಹೀರು ಪೈಪು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ. ಸಾವಿರ ಮೀಟರ್ ಎತ್ತರದಲ್ಲಿ ಅದು 9.1 ಮೀಟರಿಗೆ ಇಳಿಯುತ್ತದೆ. ಪಂಪು ನೀರಿನ ಮಟ್ಟಕ್ಕಿಂತ 5 ಮೀಟರಿಗೆ ಹೆಚ್ಚು ಮೇಲಿರದಂತೆ ಕೂರಿಸಿ. ಮಾರ್ಚಿನಲ್ಲಿ ಕೆರೆ ಇಳಿದಾಗಿನ ಮಟ್ಟವೇ ಲೆಕ್ಕ, ಡಿಸೆಂಬರಿನದಲ್ಲ. ಒಳಗೆ ಜಲ್ಲಿ ಉರುಳಿದಂಥ ಸದ್ದು ಬಂದರೆ ಹೀರುವಿಕೆ ಸಾಲದೆ ಪಂಪಿನೊಳಗಿನ ಚಕ್ರ (ಇಂಪೆಲ್ಲರ್) ಸವೆಯುತ್ತಿದೆ ಎಂದರ್ಥ. ಹೀರು ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಕಟ್ಟಿದೆಯೇ ಎಂದು ಮೊದಲು ನೋಡಿ.

ಮೋಟಾರಿನ ದೊಡ್ಡ ಶತ್ರು ಕಡಿಮೆ ವೋಲ್ಟೇಜ್. ಫೆಬ್ರವರಿ–ಮಾರ್ಚ್‌ನಲ್ಲಿ ಒಂದೇ ಲೈನಿನ ಎಲ್ಲರೂ ಒಟ್ಟಿಗೆ ಪಂಪು ಹಾಕುತ್ತಾರೆ. 415 ಇರಬೇಕಾದ ವೋಲ್ಟೇಜ್ 340ಕ್ಕೆ ಬಿದ್ದರೆ ಮೋಟಾರಿನ ತಿರುಚು ಬಲ ಮೂರನೇ ಎರಡು ಪಾಲಿಗೆ ಇಳಿದು, ಅದೇ ಹೊರೆ ಎಳೆಯಲು ಹೆಚ್ಚು ಆಂಪ್ಸ್ ತೆಗೆದು, ವೈಂಡಿಂಗ್ ಸುಡುತ್ತದೆ. ಮೋಟಾರ್ ಓಡುತ್ತಿರುವಾಗಲೇ ಅದರ ಟರ್ಮಿನಲ್ಲಿನಲ್ಲಿ ಅಳೆಸಿ. ನಿಂತಾಗಿನ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. 373ಕ್ಕಿಂತ ಕೆಳಗಿದ್ದರೆ ಓಡಿಸಬೇಡಿ. ಅಕ್ಕಪಕ್ಕದ ತೋಟದವರು ಸರದಿ ಹಾಕಿಕೊಂಡು ರಾತ್ರಿ ಹಂಚಿಕೊಳ್ಳುವುದು ಎಷ್ಟೋ ರಿವೈಂಡಿಂಗ್ ಖರ್ಚು ತಪ್ಪಿಸುತ್ತದೆ.

ಸೋಲಾರ್ ಪಂಪಿನ ವಿಷಯ. ನಿಮ್ಮ 10 ಎಕರೆಗೆ ಹೂವಿಗೆ ಒಂದೂಕಾಲು ಇಂಚು, ಹೂ ಬಿಟ್ಟ ಮೇಲಿನ ಎರಡನೆಯ ನೀರಾದ ಬ್ಯಾಕಿಂಗ್‌ಗೆ ಒಂದು ಇಂಚು ಎಂದರೂ ವರ್ಷಕ್ಕೆ 830 ಯುನಿಟ್ ಸಾಕು. 10 ಎಚ್‌ಪಿಗೆ ಬೇಕಾದ 10 ಕಿಲೋವಾಟ್ ಪ್ಯಾನೆಲ್ ವರ್ಷಕ್ಕೆ ಹದಿಮೂರು ಸಾವಿರ ಯುನಿಟ್ ಕೊಡಬಲ್ಲದು. ನೂರರಲ್ಲಿ ಆರು ಯುನಿಟ್ ಬಳಸಿ ಉಳಿದದ್ದನ್ನು ಬಿಸಿಲಿಗೇ ಬಿಟ್ಟಂತಾಗುತ್ತದೆ. ಮೇಲಾಗಿ ಮೋಡ ಅಡ್ಡ ಬಂದು ಪಂಪಿನ ವೇಗ ಶೇ. 80ಕ್ಕೆ ಇಳಿದರೆ ಒತ್ತಡ ಶೇ. 64ಕ್ಕೆ ಇಳಿಯುತ್ತದೆ, ಜೆಟ್ ದೂರ ಚಿಮ್ಮದೆ ನಡುವೆ ಒಣ ಪಟ್ಟೆ ಉಳಿದು ಅಲ್ಲಿ ಹೂ ಸರಿಯಾಗಿ ಅರಳುವುದಿಲ್ಲ. ಸೋಲಾರ್ ಹಾಕುವ ಮನಸ್ಸಿದ್ದರೆ 2–3 ಎಚ್‌ಪಿಯ ಸಣ್ಣ ಪಂಪು ಹಾಕಿ, ಡಿಸೆಂಬರಿನಿಂದಲೇ ತೋಡಿನ (ಸಣ್ಣ ಹಳ್ಳದ) ಅಥವಾ ಬೋರಿನ ನೀರನ್ನು ಮೇಲಿನ ಕೆರೆಗೆ ನಿಧಾನವಾಗಿ ತುಂಬಿಸಿ. ಎತ್ತರದಲ್ಲಿ ನೀರು ಇದ್ದಷ್ಟೂ ಮಾರ್ಚಿನಲ್ಲಿ ದೊಡ್ಡ ಮೋಟಾರಿನ ಕೆಲಸ ಕಡಿಮೆ.

ಪ್ರಶ್ನೆ: ಕೊಯ್ಲಿನ ಹೊತ್ತಿಗೆ ಮಳೆ ಬರುತ್ತಿದೆ. ಡ್ರೈಯರ್ ತೆಗೆದುಕೊಂಡರೆ ಎಷ್ಟು ಸೌದೆ ಬೇಕು?
– ಬೆಳೆಗಾರರು, ಸುಂಟಿಕೊಪ್ಪ

1,000 ಕೆ.ಜಿ. ರೊಬಸ್ಟಾ ಹಣ್ಣಿನಲ್ಲಿ ತೇವ ಶೇ. 65 ಎಂದರೆ ಒಣ ಪದಾರ್ಥ 350 ಕೆ.ಜಿ. ಅದನ್ನು ಶೇ. 11ರ ತೇವಕ್ಕೆ ಇಳಿಸಿದರೆ 393 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿದ ಹಣ್ಣು) ಸಿಗುತ್ತದೆ, 607 ಕೆ.ಜಿ. ನೀರು ಆವಿಯಾಗಬೇಕು. ಪೂರ್ತಿ ಡ್ರೈಯರ್‌ನಲ್ಲೇ ಮಾಡಿದರೆ, ಅದರ ದಕ್ಷತೆ ಶೇ. 40 ಹಿಡಿದು, ಒಣ ಸೌದೆ 250 ಕೆ.ಜಿ. ಅಥವಾ ಗ್ಯಾಸ್ 82 ಕೆ.ಜಿ. ಬೇಕು. ಗ್ಯಾಸ್ ಎಂದರೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ನಾಲ್ಕಕ್ಕೂ ಹೆಚ್ಚು. ಕಣದ ಮೇಲೆ ಬಿಸಿಲು ಇಷ್ಟನ್ನೂ ಪುಕ್ಕಟೆ ಮಾಡಿಕೊಡುತ್ತದೆ ಎಂಬುದನ್ನು ನೆನಪಿಡಿ.

ಇಲ್ಲೇ ಉಪಾಯವೂ ಇದೆ. ತೇವ 65ರಿಂದ 35ಕ್ಕೆ ಇಳಿಯುವಷ್ಟರಲ್ಲಿ 607ರಲ್ಲಿ 462 ಕೆ.ಜಿ. ನೀರು ಹೋಗಿರುತ್ತದೆ, ಅಂದರೆ ಮುಕ್ಕಾಲು ಭಾಗ. ಬಿಸಿಲು ಸಿಕ್ಕ ಮೊದಲ ದಿನಗಳಲ್ಲಿ ತೆಳುವಾಗಿ ಹರಡಿ, ಗಂಟೆಗೊಮ್ಮೆ ಮಗುಚಿ ಅಷ್ಟನ್ನು ಕಣದಲ್ಲೇ ತೆಗೆದು, ಮೋಡ ಕವಿದಾಗ ಮಾತ್ರ ಡ್ರೈಯರ್‌ಗೆ ಹಾಕಿದರೆ ಸೌದೆ 60–80 ಕೆ.ಜಿ.ಗೆ ಇಳಿಯುತ್ತದೆ. ಬೀಜದ ಬಿಸಿ 45 ಡಿಗ್ರಿ ದಾಟಬಾರದು. ದಾಟಿದರೆ ಹೊರಗೆ ಒಣಗಿ ಒಳಗೆ ತೇವ ಉಳಿದು, ಗೋದಾಮಿನಲ್ಲಿ ಬೂಸು ಹಿಡಿಯುತ್ತದೆ. ಹೊಗೆ ನೇರವಾಗಿ ಕಾಫಿಗೆ ತಾಗುವ ಡ್ರೈಯರ್ ಬೇಡ. ಶಾಖ ವಿನಿಮಯದ ಕೊಳವೆ ಇರುವುದನ್ನೇ ತೆಗೆದುಕೊಳ್ಳಿ, ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಕೊಳವೆಯ ಬೆಸುಗೆ ಬಿಟ್ಟಿದೆಯೇ ಎಂದು ನೋಡಿಸಿ. ಸಣ್ಣ ಬಿರುಕೂ ಕಪ್ಪಿನಲ್ಲಿ ಹೊಗೆ ವಾಸನೆಯಾಗಿ ಬರುತ್ತದೆ. ತೇವ ಮಾಪಕವಿಲ್ಲದೆ ಡ್ರೈಯರ್ ಓಡಿಸಬೇಡಿ: 11ಕ್ಕೆ ನಿಲ್ಲಿಸಬೇಕಾದ್ದನ್ನು 9ಕ್ಕೆ ಒಯ್ದರೆ ಟನ್ ಹಣ್ಣಿಗೆ ಸುಮಾರು 9 ಕೆ.ಜಿ. ತೂಕ ಹೋಯಿತು, ಅದನ್ನು ಕಳೆಯಲು ಸೌದೆಯನ್ನೂ ಸುಟ್ಟಂತಾಯಿತು.

ಸೌದೆ ಕಪಾತಿನಲ್ಲಿ ಸವರಿದ ಕಾಫಿ ರೆಂಬೆ, ಮರಗಸಿಯಲ್ಲಿ ಕಡಿದ ನೆರಳು ಮರದ ಕೊಂಬೆಯದಾದರೆ ಬಿಟ್ಟ ಇಂಗಾಲವನ್ನು ತೋಟ ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಕಾಡುಮರ ಉರುಳಿಸಿ ಸುಟ್ಟರೆ ಆ ಸಾಲ ತೀರಲು ದಶಕಗಳು ಬೇಕು.

ಪ್ರಶ್ನೆ: ನಮ್ಮ ಬಾಣೆ ಜಮೀನಿನ ತೋಡಿನಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೂ ನೀರಿದೆ. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಸಣ್ಣ ಟರ್ಬೈನ್ ಹಾಕಬಹುದೇ?
– ಕೃಷಿಕರು, ಬಿರುನಾಣಿ

ಖಂಡಿತ ಹಾಕಬಹುದು. ಕೊಡಗಿನ ಪಶ್ಚಿಮದ ಅಂಚಿಗೆ ಇದಕ್ಕಿಂತ ಹೊಂದುವ ಶಕ್ತಿಮೂಲವಿಲ್ಲ. ಬಿಸಿಲು ಇಲ್ಲದ ತಿಂಗಳಲ್ಲೇ ಇದು ತುಂಬಿ ಹರಿಯುತ್ತದೆ, ರಾತ್ರಿಯೂ ನಿಲ್ಲುವುದಿಲ್ಲ.

ಲೆಕ್ಕ ಸುಲಭ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ ಎಂಬ ಎರಡನ್ನು ಗುಣಿಸಿ, 9.81ರಿಂದ ಗುಣಿಸಿ, ಅರ್ಧ ಮಾಡಿ. ಸಣ್ಣ ಪೆಲ್ಟನ್ ಚಕ್ರ (ಅಂಚಿನ ಬಟ್ಟಲುಗಳಿಗೆ ನೀರು ಚಿಮ್ಮಿ ತಿರುಗುವ ಟರ್ಬೈನ್) ಮತ್ತು ಜನರೇಟರ್ ಸೇರಿ ಅರ್ಧ ದಕ್ಷತೆ ಎಂದು ಹಿಡಿಯುವುದು ಕ್ಷೇಮ. 5 ಲೀಟರ್, 40 ಮೀಟರ್ ಆದರೆ ಸುಮಾರು 980 ವಾಟ್. ದಿನಕ್ಕೆ 23 ಯುನಿಟ್ ಆಯಿತು. ಒಂದು ಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ.

ನೀರನ್ನು ಬಕೆಟ್ ಹಿಡಿದು ಅಳೆಯಿರಿ: 20 ಲೀಟರ್ ಬಕೆಟ್ 4 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಜುಲೈಯಲ್ಲಿ ಅಳೆದು ಯಂತ್ರ ಆರಿಸಿದರೆ ನವೆಂಬರಿನಲ್ಲಿ ಅರ್ಧ ಓಡುತ್ತದೆ, ಆದ್ದರಿಂದ ಅಕ್ಟೋಬರ್ ಕೊನೆಯಲ್ಲೊಮ್ಮೆ ಅಳೆಯಿರಿ. ಎತ್ತರಕ್ಕೆ, ಪೈಪು ಎಳೆದು ತುಂಬಿಸಿ ಕೆಳಗಿನ ತುದಿ ಮುಚ್ಚಿ ಪ್ರೆಷರ್ ಗೇಜ್ ಹಾಕಿ, 4 ಕೆ.ಜಿ. ತೋರಿಸಿದರೆ 40 ಮೀಟರ್.

ಕೆಡುವುದು ಹೆಚ್ಚಾಗಿ ಪೈಪಿನಲ್ಲಿ. 150 ಮೀಟರ್ ಉದ್ದಕ್ಕೆ ಮೂರು ಇಂಚಿನ ಪೈಪಾದರೆ 5 ಲೀಟರಿಗೆ ಎರಡೂವರೆ ಮೀಟರ್ ಹೆಡ್ ನಷ್ಟ. ಉಳಿಸಲು ಹೋಗಿ ಎರಡು ಇಂಚು ಹಾಕಿದರೆ 19 ಮೀಟರ್ ಹೋಗಿ, ಕರೆಂಟು ಅರ್ಧವೇ ಬರುತ್ತದೆ. ನೀರು ಹಿಡಿಯುವ ಬಾಯಿಗೆ ಜಾಲರಿ ಇಳಿಜಾರಾಗಿರಲಿ, ಎಲೆ ತಾನೇ ಜಾರಿ ಹೋಗುತ್ತದೆ. ನೇರ ನಿಲ್ಲಿಸಿದ ಜಾಲರಿ ಒಂದು ರಾತ್ರಿಯ ಮಳೆಗೆ ಕಟ್ಟಿಕೊಂಡು ಪೈಪಿಗೆ ಗಾಳಿ ಸೇರುತ್ತದೆ. ಅದರ ಹಿಂದೆ ಮರಳು ಕೂರುವ ಸಣ್ಣ ತೊಟ್ಟಿ ಬೇಕೇ ಬೇಕು. ಕೆಂಪು ನೀರಿನ ಮರಳು ನಾಜಲ್ ಮತ್ತು ಬಟ್ಟಲುಗಳನ್ನು ಎರಡು ಮಳೆಗಾಲದಲ್ಲಿ ಸವೆಸುತ್ತದೆ. ಕೆಳಗಿನ ವಾಲ್ವನ್ನು ಎಂದೂ ಫಕ್ಕನೆ ಮುಚ್ಚಬೇಡಿ. 150 ಮೀಟರ್ ಉದ್ದದ ನೀರು ಒಮ್ಮೆಲೇ ನಿಂತ ಹೊಡೆತಕ್ಕೆ ಪಿವಿಸಿ ಕೀಲು ಬಿಚ್ಚುತ್ತದೆ. ಮನೆಯಲ್ಲಿ ಹೆಚ್ಚಿನ ಸ್ವಿಚ್ ಆರಿಸಿದಾಗ ಚಕ್ರ ಅಡ್ಡಾದಿಡ್ಡಿ ವೇಗಕ್ಕೆ ಹೋಗಿ ವೋಲ್ಟೇಜ್ ಏರಿ ಬಲ್ಬು ಸುಡುತ್ತವೆ. ಹೆಚ್ಚುಳಿದ ಕರೆಂಟನ್ನು ನೀರಿನಲ್ಲಿ ಮುಳುಗಿಸಿದ ಹೀಟರಿಗೆ ತಿರುಗಿಸುವ ಲೋಡ್ ಕಂಟ್ರೋಲರ್ ಕೊಳ್ಳದೆ ಟರ್ಬೈನ್ ಕೊಳ್ಳಬೇಡಿ. ಆ ಹೀಟರನ್ನು ಬಚ್ಚಲ ಹಂಡೆಗೆ ಇಟ್ಟರೆ ಸ್ನಾನದ ನೀರೂ ಕಾಯುತ್ತದೆ. ತೋಡಿನ ನೀರು ಪೂರ್ತಿ ಪೈಪಿಗೆ ಹೋಗದಿರಲಿ, ಕೆಳಗಿನ ಗದ್ದೆಯವರಿಗೂ ಮೀನಿಗೂ ಅದು ಬೇಕು.

ಪ್ರಶ್ನೆ: ಹೋಂಸ್ಟೇಯಲ್ಲಿ ದಿನಕ್ಕೆ ಹತ್ತು ಜನಕ್ಕೆ ಬಿಸಿನೀರು. ಗೀಸರ್ ಬಿಟ್ಟು ಸೌದೆ ಹಂಡೆಗೆ ಹೋದರೆ ಪರಿಸರಕ್ಕೆ ಒಳ್ಳೆಯದೇ?
– ಹೋಂಸ್ಟೇ ನಡೆಸುವವರು, ಗಾಳಿಬೀಡು

ತಲೆಗೆ 40 ಲೀಟರಿನಂತೆ 400 ಲೀಟರ್ ನೀರನ್ನು 18ರಿಂದ 50 ಡಿಗ್ರಿಗೆ ತರಲು 15 ಯುನಿಟ್ ಶಾಖ ಬೇಕು. ಗೀಸರಿಗೆ ನಷ್ಟ ಸೇರಿ 16 ಯುನಿಟ್, ಹೊಗೆ 11 ಕೆ.ಜಿ. ಸುತ್ತಲಿನ ಗಾಳಿಯ ಬಿಸಿ ಎಳೆದು ನೀರು ಕಾಯಿಸುವ ಹೀಟ್ ಪಂಪಿಗೆ 5 ಯುನಿಟ್. ಹಂಡೆಗೆ ಚೆನ್ನಾಗಿ ಒಣಗಿದ ಸೌದೆ 14 ಕೆ.ಜಿ. ತೋಟದ ಕಪಾತಿನ ಸೌದೆ ಒಂದು ವರ್ಷ ಸೂರಿನಡಿ ಒಣಗಿಸಿಟ್ಟದ್ದಿದ್ದರೆ ಹಂಡೆ ಒಳ್ಳೆಯದೇ. ಹಸಿ ಸೌದೆಯಾದರೆ ಬೆಂಕಿಯ ಒಂದು ಪಾಲು ಸೌದೆಯ ನೀರನ್ನೇ ಕಾಯಿಸುತ್ತದೆ, ಅರೆಬೆಂದ ಹೊಗೆಯಲ್ಲಿ ಕಾಡಿಗೆಯೂ ಮೀಥೇನೂ ಬರುತ್ತವೆ, ಉರಿ ಹಾಕುವವರ ಎದೆಗೂ ಕೆಡುಕು. ಗಾಳಿಬೀಡಿನ ಮಳೆಗಾಲಕ್ಕೆ ಸೋಲಾರ್ ವಾಟರ್ ಹೀಟರ್ ನಂಬಬೇಡಿ. ವರ್ಷವಿಡೀ ಅತಿಥಿಗಳಿದ್ದರೆ ಹೀಟ್ ಪಂಪೇ ಸರಿ. ಅದಕ್ಕೆ ಗಾಳಿಯಾಡುವ ಜಾಗ ಬೇಕು, ತಣ್ಣನೆ ಗಾಳಿ ಊದುವುದರಿಂದ ಮಲಗುವ ಕೋಣೆಯ ಕಿಟಕಿ ಪಕ್ಕ ಬೇಡ. ಯಾವುದಿದ್ದರೂ ಥರ್ಮೋಸ್ಟಾಟ್ 50ಕ್ಕೆ ಇಡಿ, ವಾರಕ್ಕೊಮ್ಮೆ 60ಕ್ಕೆ ಏರಿಸಿ ತೊಟ್ಟಿಯ ರೋಗಾಣು ಸಾಯಿಸಿ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇದ್ದರೆ ನಲ್ಲಿ ತಿರುಗಿಸಿದಾಗಲೆಲ್ಲ ಸುಮಾರು 6 ಲೀಟರ್ ತಣ್ಣೀರು ಹರಿದು ಹೋಗುತ್ತದೆ. ಬಚ್ಚಲಿಗೆ ಹತ್ತಿರ ಸಣ್ಣ ತೊಟ್ಟಿ ಇಡುವುದು ಲಾಭ.

ಒಂದು ಮಾತು ಕೇಳದಿದ್ದರೂ ಹೇಳಬೇಕು. ಬೆಂಗಳೂರಿನಿಂದ ಬಂದು ಹೋಗುವ ಒಂದು ಕಾರು 530 ಕಿ.ಮೀ.ಗೆ 35 ಲೀಟರ್ ಪೆಟ್ರೋಲ್ ಸುಟ್ಟರೆ 80 ಕೆ.ಜಿ. ಹೊಗೆ. ನಿಮ್ಮ ಹತ್ತೂ ಅತಿಥಿಗಳ ಒಂದು ವಾರದ ಗೀಸರ್ ಅಷ್ಟಾಗುತ್ತದೆ. ತುಂಬಿದ ಬಸ್ಸಿನಲ್ಲಿ ಬಂದರೆ ತಲೆಗೆ 7–8 ಕೆ.ಜಿ. ಮಡಿಕೇರಿ ಬಸ್ ನಿಲ್ದಾಣದಿಂದ ಜೀಪಿನಲ್ಲಿ ಕರೆತರುವ ಏರ್ಪಾಡು, ಎರಡು ದಿನದ ಬದಲು ಮೂರು ದಿನ ನಿಲ್ಲುವವರಿಗೆ ರಿಯಾಯಿತಿ, ಇವು ನಿಮ್ಮ ವರಮಾನವನ್ನೂ ಹೆಚ್ಚಿಸುತ್ತವೆ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರಿಗೂ ಕಲ್ಲಿದ್ದಲೇ ತಾನೇ? ಏನು ಪ್ರಯೋಜನ?
– ಓದುಗರು, ಕುಶಾಲನಗರ

ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್ ಕಿ.ಮೀ.ಗೆ 51 ಗ್ರಾಂ ಬಿಡುತ್ತದೆ. ಎಲೆಕ್ಟ್ರಿಕ್‌ದು ಚಾರ್ಜಿಂಗ್ ನಷ್ಟ ಸೇರಿಯೂ 25 ಗ್ರಾಂ. ಈಗಿನ ಕಲ್ಲಿದ್ದಲಿನ ಕರೆಂಟಿನಲ್ಲೇ ಅರ್ಧ. ಕಾರಿನಲ್ಲಿ ವ್ಯತ್ಯಾಸ ಇಷ್ಟಿಲ್ಲ: 150ಕ್ಕೆ ಎದುರಾಗಿ ಸುಮಾರು 120. ದಿನಕ್ಕೆ 30 ಕಿ.ಮೀ. ಓಡಾಟವಿದ್ದರೆ ಸ್ಕೂಟರ್ ತೆಗೆದುಕೊಳ್ಳಿ. ಮಡಿಕೇರಿ ಘಾಟಿ ಹತ್ತುವಾಗ ಕಂಪನಿ ಹೇಳಿದ ದೂರ ಸಿಗುವುದಿಲ್ಲ, ಮೂರನೇ ಎರಡು ಭಾಗ ಲೆಕ್ಕ ಹಾಕಿ.

ಪ್ರಶ್ನೆ: ತೋಟದಲ್ಲಿ ಹಳೆಯ ಮರಗಳು ಬೇಕಾದಷ್ಟಿವೆ. ಕಾರ್ಬನ್ ಕ್ರೆಡಿಟ್ ಹಣ ಕೊಡಿಸುತ್ತೇವೆ ಎಂದು ಒಬ್ಬರು ಆರ್‌ಟಿಸಿ ಮತ್ತು ನೋಂದಣಿ ಶುಲ್ಕ ಕೇಳುತ್ತಿದ್ದಾರೆ. ಕೊಡಲೇ?
– ಬೆಳೆಗಾರರು, ಶ್ರೀಮಂಗಲ

ಶುಲ್ಕ ಕೊಡಬೇಡಿ. ಕ್ರೆಡಿಟ್ ಸಿಗುವುದು ಯೋಜನೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ತೋರಿಸಬಲ್ಲ ಹೆಚ್ಚುವರಿ ಇಂಗಾಲಕ್ಕೆ. ನಿಮ್ಮ ಅಜ್ಜನ ಕಾಲದ ನಂದಿ, ಹಲಸು, ಅತ್ತಿ ಈಗಾಗಲೇ ನಿಂತಿವೆ. ಅವುಗಳೊಳಗಿನ ಇಂಗಾಲ ಎಷ್ಟೇ ದೊಡ್ಡದಿರಲಿ, ಈ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮ ಮರ ಕಾಪಾಡಿದ ಕೊಡಗಿನವರಿಗೆ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ, ಆದರೆ ಇರುವ ನಿಯಮ ಅದು. ಹೊಸದಾಗಿ ಎಕರೆಗೆ 50 ಮರ ನೆಟ್ಟು, ಒಂದೊಂದೂ ವರ್ಷಕ್ಕೆ 12 ಕೆ.ಜಿ. ಒಣ ತೂಕ ಬೆಳೆದರೆ 600 ಕೆ.ಜಿ.; ಅದರ ಶೇ. 47 ಇಂಗಾಲ, 3.67ರಿಂದ ಗುಣಿಸಿದರೆ ಒಂದು ಟನ್ ಡೈಆಕ್ಸೈಡ್. ಟನ್ನಿಗೆ 500 ರೂಪಾಯಿ ಎಂದಿಟ್ಟುಕೊಂಡರೂ ಎಕರೆಗೆ ವರ್ಷಕ್ಕೆ 500. ಅದಕ್ಕಾಗಿ ದಶಕಗಳ ಕಾಲ ಮರ ಕಡಿಯುವುದಿಲ್ಲ ಎಂದು ಬರೆದುಕೊಡಬೇಕು. ಅಳತೆ, ಪರಿಶೀಲನೆಯ ಖರ್ಚು ಅದರಲ್ಲೇ ಕಳೆಯಬೇಕು.

ಇಂಗಾಲ ಇಳಿಸಿ ಹಣವನ್ನೂ ಉಳಿಸುವ ಜಾಗ ಗೊಬ್ಬರದ ಚೀಲದಲ್ಲಿದೆ. ಎಕರೆಗೆ 40 ಕೆ.ಜಿ. ಸಾರಜನಕ, ಅಂದರೆ 45 ಕೆ.ಜಿ.ಯ ಎರಡು ಚೀಲ ಯೂರಿಯಾ ಹಾಕಿದರೆ ಅದರ ನೂರನೇ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ ಎಂಬುದು ಅಂತರರಾಷ್ಟ್ರೀಯ ಲೆಕ್ಕ. ಆ ಅನಿಲ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿಯೇರಿಸುತ್ತದೆ. ಎಕರೆಗೆ 170 ಕೆ.ಜಿ.ಗೆ ಸಮ. ಒಂದು ಎಕರೆ-ಇಂಚು ಪಂಪು ಹೊಡೆದದ್ದರ ಆರು ಪಟ್ಟಿಗೂ ಹೆಚ್ಚು. ಜುಲೈಯ ಜಡಿಮಳೆಗೆ ಹಾಕಿದ ಯೂರಿಯಾ ತೋಡಿಗೆ ಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಮಣ್ಣಾದರೆ ಮೊದಲು ಸುಣ್ಣ ಕೊಟ್ಟು, ಮಳೆಗೆ ಮುಂಚೆ ಮತ್ತು ಮಳೆ ಇಳಿದ ಮೇಲೆ ಭಾಗ ಮಾಡಿ ಹಾಕಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಈ ಬಗ್ಗೆ ಕೇಳಬಹುದು.

ಪ್ರಶ್ನೆ: ಮಾಡಿನ ಮೇಲೆ ಸೋಲಾರ್ ಹಾಕಿಸಿದ ನೆಂಟರ ಮನೆಯಲ್ಲೂ ಕರೆಂಟ್ ಹೋದರೆ ಕತ್ತಲೆ. ಮತ್ತೇಕೆ ಹಾಕಿಸುವುದು?
– ಗೃಹಿಣಿ, ನಾಪೋಕ್ಲು

ಅವರದು ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್. ಲೈನ್ ಸತ್ತ ಕೂಡಲೇ ಅದು ತಾನೂ ನಿಲ್ಲುವಂತೆ ಮಾಡಿರುತ್ತಾರೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಡಿನ ಕರೆಂಟು ಹೊಡೆಯುತ್ತದೆ. ಮಳೆಗಾಲದ ಕತ್ತಲೆ ನಿಮ್ಮ ಚಿಂತೆಯಾದರೆ ಬ್ಯಾಟರಿ ಜೋಡಿಸಬಲ್ಲ ಹೈಬ್ರಿಡ್ ಇನ್ವರ್ಟರ್ ಕೇಳಿ. ದೀಪ, ಮೊಬೈಲ್, ವೈಫೈ, ಒಂದು ಫ್ರಿಜ್ ಸೇರಿ ದಿನಕ್ಕೆ 2 ಯುನಿಟ್. 48 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 5 ಯುನಿಟ್ ಹಿಡಿಯುತ್ತದೆ, ಎರಡು ದಿನ ಬರುತ್ತದೆ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂಪಾಯಿ, 3 ಮತ್ತು ಅದಕ್ಕೆ ಮೇಲ್ಪಟ್ಟರೆ ಒಟ್ಟು 78,000 ರೂಪಾಯಿ ಸಹಾಯಧನ ಎಂದು ಪ್ರಕಟವಾಗಿದೆ. ಬ್ಯಾಟರಿಯ ಖರ್ಚು ನಿಮ್ಮದು. ಆದರೆ ಮೊದಲು ನಿಮ್ಮ ಬಿಲ್ ನೋಡಿ. ರಾಜ್ಯದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಈಗಾಗಲೇ ಬಿಲ್ ಸೊನ್ನೆ ಬರುತ್ತಿದ್ದರೆ ಸೋಲಾರಿನಿಂದ ಉಳಿಯುವ ಹಣವೂ ಸೊನ್ನೆಗೆ ಹತ್ತಿರ. ಆಗ ಪ್ಯಾನೆಲ್ ಬಿಟ್ಟು, ಲೈನ್ ಇದ್ದಾಗ ತುಂಬಿಕೊಳ್ಳುವ ಬ್ಯಾಟರಿ ಮತ್ತು ಇನ್ವರ್ಟರ್ ಮಾತ್ರ ಸಾಕು. ತಿಂಗಳಿಗೆ 200 ಯುನಿಟ್ ದಾಟುವ ಮನೆಯಾದರೆ 3 ಕಿಲೋವಾಟ್‌ಗೆ 300 ಚದರ ಅಡಿ ನೆರಳಿಲ್ಲದ ಜಾಗ ಅಳೆಯಿರಿ. ಸಿಲ್ವರ್ ಓಕ್ ಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನ ಉಳಿದವೂ ಕುಗ್ಗುತ್ತವೆ. ದಕ್ಷಿಣಕ್ಕೆ 12ರಿಂದ 15 ಡಿಗ್ರಿ ವಾಲಿರಲಿ. ಸಿಡಿಲಿಗೆ ಪ್ರತ್ಯೇಕ ಅರ್ಥಿಂಗ್ ಮತ್ತು ಸರ್ಜ್ ತಡೆ ಸಾಧನ ಹಾಕಿಸಿ, ಅಂದಾಜು ಪಟ್ಟಿಯಲ್ಲಿ ಅದು ಬರೆದಿದೆಯೇ ನೋಡಿ. ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಪ್ಯಾನೆಲ್ಲಿನ ಕೆಳ ಅಂಚಿಗೆ ಹಿಡಿದ ಪಾಚಿಯನ್ನು ಬರೀ ನೀರು ಮತ್ತು ಮೆತ್ತನೆ ಬಟ್ಟೆಯಿಂದ, ಬೆಳಿಗ್ಗೆ ಗಾಜು ತಣ್ಣಗಿರುವಾಗ ಒರೆಸಿ.